ಸೂಜಿಯ ಹಿಂದೆ ಬಂದ ಮಾತುಗಳು

ಪುಣೆಯ ನಮ್ಮ ಕನ್ನಡ ಬಳಗದ ಮಹಿಳೆಯರು ಕಳೆದ ವರ್ಷ ಒಂದು ಹೊಲಿಗೆ ತರಗತಿಯನ್ನು ಆರಂಭಿಸಿದರು. ವಾರಕ್ಕೆ ಎರಡು ಸಂಜೆ, ನಾಲ್ಕು ಯಂತ್ರ, ಹದಿನೈದು ಮಂದಿ ಕಲಿಯುವವರು. ಮದುವೆಯಾಗಿ ಊರು ಬಿಟ್ಟು ಬಂದ ತರುಣಿಯರೂ ಇಲ್ಲಿಯೇ ಹುಟ್ಟಿ ಬೆಳೆದ ಹುಡುಗಿಯರೂ ಅವರಲ್ಲಿದ್ದರು. ಹೊಸಬರ ಕೈಗೆ ಕೊಡಲು ಹೊಲಿಗೆಯ ಪದಗಳ ಒಂದು ಪುಟದ ಪಟ್ಟಿ ಬೇಕು, ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಇಂಗ್ಲಿಷಿನಲ್ಲಿ ಎಂ.ಎ. ಮಾಡಿ, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಟಿಪ್ಪಣಿ ಬರೆದವನಿಗೆ ಇದು ಒಂದು ಗಂಟೆಯ ಕೆಲಸವೆಂದುಕೊಂಡು ಒಪ್ಪಿಕೊಂಡೆ.

ಲೈನಿಂಗಿಗೆ ‘ಒಳಹಾಸು’, ಟೇಪಿಗೆ ‘ಅಳತೆಪಟ್ಟಿ’, ಕಾಜಕ್ಕೆ ‘ಗುಂಡಿಗಂಡಿ’, ಬಾಬಿನ್ನಿಗೆ ‘ಅಡಿನೂಲಸುರುಳಿ’ — ಹೀಗೆ ಶುದ್ಧ ಕನ್ನಡವೆಂದು ನಾನು ನಂಬಿದ ನಲವತ್ತು ಪದಗಳ ಪಟ್ಟಿ ಸಿದ್ಧವಾಯಿತು. ತರಗತಿ ನಡೆಸುತ್ತಿದ್ದವರು ಧಾರವಾಡದ ಕಡೆಯವರು, ಎಪ್ಪತ್ತು ದಾಟಿದ ಹಿರಿಯರು. ಬಳಗದವರಿಗೆಲ್ಲ ಅವರು ಕಾಕು. ಕನ್ನಡಕ ಏರಿಸಿ ಪಟ್ಟಿಯನ್ನು ಓದಿ ನಕ್ಕರು. “ತಮ್ಮಾ, ಇದನ್ನ ಓದಿ ಯಾರೂ ಒಂದು ಗುಂಡೀನೂ ಹಚ್ಚಂಗಿಲ್ಲ ನೋಡು. ಕಾಜಾಕ್ಕ ಕಾಜಾನ ಅನ್ನಬೇಕು. ನಮ್ಮವ್ವನೂ ಹಂಗ ಅಂತಿದ್ಲು” ಎಂದರು.

ಅವರ ತಾಯಿ ಆಡಿದ ಮಾತು ಕನ್ನಡವಲ್ಲದೆ ಮತ್ತೇನು? ಆದರೂ ‘ಕಾಜ’ ಎಂಬ ಶಬ್ದ ಕನ್ನಡದ ಬೇರಿನದಲ್ಲವೆಂಬುದೂ ನನಗೆ ಗೊತ್ತಿತ್ತು. ಹಾಗಾದರೆ ಅದು ಎಲ್ಲಿಂದ, ಯಾರ ಕೈಯಲ್ಲಿ ಬಂತು? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಕಂಡ ಸಂಗತಿಗಳನ್ನು ಇಲ್ಲಿ ಜೋಡಿಸಿದ್ದೇನೆ. ನಮ್ಮ ಹೊಲಿಗೆಯ ಪದಕೋಶ ಒಂದು ರೀತಿಯಲ್ಲಿ ನಮ್ಮ ನಾಡಿನ ಚರಿತ್ರೆಯೇ. ಬಟ್ಟೆ, ಉಪಕರಣ, ಉಡುಪಿನ ರೀತಿ ಯಾರಿಂದ ಬಂದವೋ ಅವರ ಮಾತೂ ಅದರ ಹಿಂದೆಯೇ ಬಂದಿದೆ.

ಮೊದಲಿಗೆ ನಮ್ಮ ಕೈಯಲ್ಲೇ ಇದ್ದುದನ್ನು ನೋಡೋಣ. ನೂಲು, ಎಳೆ, ನೇಯ್ಗೆ — ಇವು ದ್ರಾವಿಡ ಭಾಷೆಗಳ ಒಟ್ಟು ಮನೆಯ ಆಸ್ತಿ. ಕನ್ನಡದ ‘ನೇಯು’, ತಮಿಳಿನ ‘ನೆಯ್’, ತೆಲುಗಿನ ‘ನೇಯು’ ಒಂದೇ ಬೇರಿನವು. ‘ನೂಲು’ ಕೂಡ ಹಾಗೆಯೇ. ಆದರೆ ಹೊಲಿಗೆಯ ವಿಷಯಕ್ಕೆ ಬಂದರೆ ಅಕ್ಕತಂಗಿಯರು ಬೇರೆಬೇರೆ ದಾರಿ ಹಿಡಿದಿದ್ದಾರೆ. ಕನ್ನಡದಲ್ಲಿ ‘ಹೊಲಿ’ (ಹಳಗನ್ನಡದಲ್ಲಿ ‘ಪೊಲಿ’), ತಮಿಳಿನಲ್ಲಿ ‘ತೈ’, ತೆಲುಗಿನಲ್ಲಿ ‘ಕುಟ್ಟು’. ಹೈದರಾಬಾದಿನಲ್ಲಿ ಹೊಸದಾಗಿ ಸಂಸಾರ ಹೂಡಿದ ಕನ್ನಡದ ಗೃಹಿಣಿಗೆ, ಪಕ್ಕದ ಮನೆಯಾಕೆ ರವಿಕೆ ‘ಕುಟ್ಟಿಸಲು’ ಹೊರಟಿದ್ದೇನೆ ಎಂದರೆ ಒಂದು ಕ್ಷಣ ಒನಕೆಯೇ ಕಣ್ಣ ಮುಂದೆ ಬರುತ್ತದೆ. ನಾನು ಆ ಊರಿನಲ್ಲಿದ್ದ ಮೂರು ವರ್ಷಗಳಲ್ಲಿ ಈ ನಗೆಚಾಟಿಕೆಯನ್ನು ಎಷ್ಟು ಮನೆಗಳಲ್ಲಿ ಕೇಳಿದೆನೋ ಲೆಕ್ಕವಿಲ್ಲ. ನೇಯ್ಗೆಗೆ ಒಂದೇ ಮಾತು, ಹೊಲಿಗೆಗೆ ಮೂರು ಮಾತು ಎಂಬುದನ್ನು ಕಂಡಾಗ, ನೇಯುವುದನ್ನು ಒಟ್ಟಿಗೆ ಕಲಿತವರು ಹೊಲಿಯುವುದನ್ನು ಮನೆ ಪಾಲಾದ ಮೇಲೆ ರೂಢಿಸಿಕೊಂಡರೇನೋ ಎಂದು ನನಗೆ ಅನ್ನಿಸುತ್ತದೆ.

ಹೊಲಿಯುವ ಉಪಕರಣದ ಹೆಸರು ಮಾತ್ರ ಆಗಲೇ ಹೊರಗಿನದು. ಸಂಸ್ಕೃತದ ‘ಸೂಚಿ’ ಕನ್ನಡದಲ್ಲಿ ‘ಸೂಜಿ’ಯಾಯಿತು, ತೆಲುಗಿನಲ್ಲಿ ‘ಸೂದಿ’ಯಾಯಿತು, ತಮಿಳಿನಲ್ಲಿ ಮೊದಲ ಸಕಾರವನ್ನೇ ಕಳೆದುಕೊಂಡು ‘ಊಸಿ’ಯಾಯಿತು. ಹೊಲಿಯುವವನ ಹಳೆಯ ಕನ್ನಡ ಹೆಸರು ‘ಚಿಪ್ಪಿಗ’. ಇದು ‘ಶಿಲ್ಪಿಕ’ ಎಂಬುದರ ತದ್ಭವವೆಂದು ನಿಘಂಟುಕಾರರು ಹೇಳುತ್ತಾರೆ. ಕಲ್ಲಿನಲ್ಲಿ ಕೆಲಸ ಮಾಡುವವನಿಗೂ ಬಟ್ಟೆಯಲ್ಲಿ ಕೆಲಸ ಮಾಡುವವನಿಗೂ ಒಂದೇ ಗೌರವದ ಹೆಸರಿತ್ತು ಎಂಬುದು ನೆನಪಿಡಬೇಕಾದ ಮಾತು. ಉತ್ತರ ಕರ್ನಾಟಕದ ‘ಸಿಂಪಿಗ’, ಮರಾಠಿಯ ‘ಶಿಂಪಿ’ ಇದರ ಬಂಧುಗಳು. ಪಂಢರಪುರದ ಸಂತ ನಾಮದೇವರು ಶಿಂಪಿ ಕುಲದವರು. ಚಡಚಣದ ಜಾನಪದ ವಿದ್ವಾಂಸರಾದ ಸಿಂಪಿ ಲಿಂಗಣ್ಣನವರ ಹೆಸರಿನ ಮುಂದೆ ನಿಂತಿರುವುದೂ ಇದೇ ಮಾತು. ಭೀಮಾನದಿಯ ಈಚೆ ದಡದಲ್ಲೂ ಆಚೆ ದಡದಲ್ಲೂ ಸೂಜಿ ಹಿಡಿದವರಿಗೆ ಒಂದೇ ಹೆಸರು.

ಹೊಲಿದ ಬಟ್ಟೆ ನಮ್ಮ ದೇಶಕ್ಕೆ ಮುಸಲ್ಮಾನ ಅರಸರೊಂದಿಗೆ ಬಂತು, ಅದಕ್ಕೆ ಮುಂಚೆ ಎಲ್ಲರೂ ಸುತ್ತಿಕೊಳ್ಳುತ್ತಿದ್ದರು ಎಂಬ ನಂಬಿಕೆ ಈಗಲೂ ಕೇಳಿಬರುತ್ತದೆ. ಪದಗಳು ಇದನ್ನು ಒಪ್ಪುವುದಿಲ್ಲ. ಅಮರಕೋಶದಲ್ಲಿಯೇ ದರ್ಜಿಗೆ ‘ತುನ್ನವಾಯ’, ‘ಸೌಚಿಕ’ ಎಂಬ ಎರಡು ಹೆಸರುಗಳಿವೆ. ನಮ್ಮ ‘ಕುಪ್ಪಸ’ ಸಂಸ್ಕೃತದ ‘ಕೂರ್ಪಾಸ’ದಿಂದ ಬಂದದ್ದು. ಅದು ಜನರ ಬಾಯಲ್ಲಿ ‘ಕುಬಸ’ವಾಗಿ, ಚೊಚ್ಚಲ ಬಸುರಿಗೆ ಮಾಡುವ ಶಾಸ್ತ್ರದ ಹೆಸರಾಗಿಯೂ ಉತ್ತರ ಕರ್ನಾಟಕದಲ್ಲಿ ಉಳಿದಿದೆ. 12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು. ಕಾಯಕದಿಂದಲೇ ಹೆಸರು ಪಡೆದ ಆ ವಚನಕಾರರ ಸಾಲಿನಲ್ಲಿ ಸೂಜಿಯೂ ಒಂದು ಸ್ಥಾನ ಪಡೆದಿತ್ತು.

ಆದರೆ ಹೊಲಿದ ಬಟ್ಟೆಗೂ ಹೊಲಿಯದ ಬಟ್ಟೆಗೂ ನಡುವಿನ ಗೆರೆಯನ್ನು ಕನ್ನಡ ನಾಮಪದಗಳಲ್ಲಿ ಎಳೆಯಲಿಲ್ಲ, ಕ್ರಿಯಾಪದಗಳಲ್ಲಿ ಎಳೆಯಿತು. ಸೀರೆ, ಪಂಚೆ, ಧೋತರಗಳನ್ನು ನಾವು ‘ಉಡುತ್ತೇವೆ’. ಅಂಗಿ, ಕುಪ್ಪಸಗಳನ್ನು ‘ತೊಡುತ್ತೇವೆ’. ಶಾಲು, ಕಂಬಳಿಗಳನ್ನು ‘ಹೊದೆಯುತ್ತೇವೆ’, ರುಮಾಲನ್ನು ‘ಸುತ್ತುತ್ತೇವೆ’, ಹೂವನ್ನು ‘ಮುಡಿಯುತ್ತೇವೆ’, ಕೆರವನ್ನು ‘ಮೆಟ್ಟುತ್ತೇವೆ’. ‘ತೊಡು’ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಬಳೆ ತೊಡಿಸುತ್ತೇವೆ, ಉಂಗುರ ತೊಡಿಸುತ್ತೇವೆ. ಅಂದರೆ ಮೊದಲೇ ಆಕಾರ ಪಡೆದ, ಸುತ್ತ ಮುಚ್ಚಿದ ವಸ್ತುವಿನೊಳಗೆ ದೇಹದ ಭಾಗವನ್ನು ತೂರಿಸುವುದು ‘ತೊಡು’. ಹಿಡಿದು ಹೊಲಿದ ತೋಳು ಕನ್ನಡಿಗರ ಕಣ್ಣಿಗೆ ಬಟ್ಟೆಯ ಬಳೆಯಂತೆ ಕಂಡಿದೆ. ಇನ್ನು ‘ಉಡು’ ಎಂದರೆ ಆಕಾರವಿಲ್ಲದ ಬಟ್ಟೆಗೆ ದೇಹವೇ ಆಕಾರ ಕೊಡುವುದು. ‘ಉಡುಗೆ ತೊಡುಗೆ’ ಎಂಬ ಜೋಡುನುಡಿ ಹುಟ್ಟಿದ್ದು ಈ ಎರಡನ್ನೂ ಸೇರಿಸಿ ಹೇಳಬೇಕಾದಾಗ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಮುಂದಿನ ಪದರ ಪಾರಸಿ ಮತ್ತು ಅರಬಿಯದು. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಯಿತು. ತುಂಗಭದ್ರೆಯ ದಡದಲ್ಲಿ ವಿಜಯನಗರ ಅದರ ಎದುರಾಳಿಯಾಗಿ ನಿಂತಿತು. ರಣರಂಗದಲ್ಲಿ ಎದುರಾಳಿಗಳಾದರೂ ಉಡುಪಿನಲ್ಲಿ ಅವರು ಪರಸ್ಪರ ಕಲಿತರು. ವಿಜಯನಗರದ ಆಸ್ಥಾನದಲ್ಲಿ ‘ಕಬಾಯಿ’ ಎಂಬ ಉದ್ದ ನಿಲುವಂಗಿಯೂ ‘ಕುಲ್ಲಾಯಿ’ ಎಂಬ ಎತ್ತರದ ಟೋಪಿಯೂ ರೂಢಿಗೆ ಬಂದವು. ಮೊದಲನೆಯದು ಅರಬಿಯ ‘ಕಬಾ’, ಎರಡನೆಯದು ಪಾರಸಿಯ ‘ಕುಲಾಹ್’. ಪ್ರೌಢದೇವರಾಯನ ಸಭೆಗೆ ಹೋದ ತೆಲುಗು ಕವಿ ಶ್ರೀನಾಥನು ಕುಲ್ಲಾಯಿ ಧರಿಸಬೇಕಾಗಿ ಬಂದುದನ್ನು ಗೊಣಗಿಕೊಂಡ ಪದ್ಯ ಪ್ರಸಿದ್ಧವಾಗಿದೆ. ತಿರುಮಲೆಯ ದೇವಾಲಯದಲ್ಲಿ ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತ ಕೃಷ್ಣದೇವರಾಯನ ಲೋಹದ ಪ್ರತಿಮೆಯನ್ನು ನೋಡಿದವರಿಗೆ ಅವನ ತಲೆಯ ಮೇಲಿನ ಆ ನೀಳ ಟೋಪಿ ನೆನಪಿರಬಹುದು. ಲೇಪಾಕ್ಷಿಯ ಛಾವಣಿಯ ಚಿತ್ರಗಳಲ್ಲಿಯೂ ಅದೇ ಟೋಪಿಯ ಗಂಡಸರು ಸಾಲಾಗಿ ನಿಂತಿದ್ದಾರೆ.

ಅರಸರು ಹೋದರು, ಟೋಪಿ ಉಳಿಯಿತು. ಇಂದು ನಮ್ಮ ಅಜ್ಜಿಯರು ಹಸುಗೂಸಿನ ಕಿವಿಗೆ ಗಾಳಿ ತಾಗದಂತೆ ಹೊಲಿದು ಕಟ್ಟುವ ‘ಕುಲಾವಿ’ ಅದೇ ‘ಕುಲಾಹ್’. ಚಕ್ರವರ್ತಿಯ ತಲೆಯಿಂದ ಇಳಿದು ತೊಟ್ಟಿಲಿಗೆ ಬಂದ ಈ ಮಾತನ್ನು ಪರಭಾಷೆಯದೆಂದು ಯಾವ ಅಜ್ಜಿಯೂ ಅನುಮಾನಿಸುವುದಿಲ್ಲ.

ಇದೇ ಪದರದಲ್ಲಿ ಅಂಗಡಿಯ ಮಾತುಗಳೂ ಬಂದವು. ‘ದರ್ಜಿ’ ಪಾರಸಿಯ ಶಬ್ದ. ‘ದರ್ಜ್’ ಎಂದರೆ ಹೊಲಿಗೆಯ ಕೂಡುಗೆರೆ. ‘ಅಸ್ತರು’ ಪಾರಸಿಯದು, ನಾನು ‘ಒಳಹಾಸು’ ಎಂದು ಬರೆದದ್ದಕ್ಕೆ ಕನ್ನಡದಲ್ಲಿ ಶತಮಾನಗಳಿಂದ ಈ ಮಾತಿತ್ತು. ಅಳೆಯುವ ‘ಗಜ’ ಆನೆಯಲ್ಲ, ಪಾರಸಿಯ ‘ಗಜ್’. ಇನ್ನು ‘ಜೇಬು’ ಮತ್ತು ‘ಕಿಸೆ’. ಕಿಸೆ ಎಂದರೆ ಮೂಲದಲ್ಲಿ ಚೀಲ. ಜೇಬಿನ ಮೂಲವಾದ ಅರಬಿಯ ‘ಜೈಬ್’ ಎಂದರೆ ಅಂಗಿಯ ಕೊರಳಿನ ತೆರಪು, ಎದೆಯ ಮೇಲಿನ ಮಡಿಕೆ.

ಈ ‘ಜೈಬ್’ ಗಣಿತಕ್ಕೂ ಹೋಗಿ ಬಂದಿದೆ. ಆರ್ಯಭಟ ಮೊದಲಾದವರು ತ್ರಿಕೋನಮಿತಿಯಲ್ಲಿ ‘ಜ್ಯಾ’ ಅಥವಾ ‘ಜೀವಾ’ ಎಂದು ಬಳಸಿದ ಶಬ್ದವನ್ನು ಅರಬರು ‘ಜೀಬ’ ಎಂದು ಬರೆದುಕೊಂಡರು. ಅರಬಿಯಲ್ಲಿ ಸ್ವರಚಿಹ್ನೆಗಳನ್ನು ಬಿಟ್ಟು ಬರೆಯುವ ರೂಢಿಯಿರುವುದರಿಂದ ಮುಂದಿನವರು ಅದನ್ನು ‘ಜೈಬ್’ ಎಂದು ಓದಿದರು. 12ನೇ ಶತಮಾನದ ಲ್ಯಾಟಿನ್ ಅನುವಾದಕರು ಎದೆಯ ಮಡಿಕೆ ಎಂಬ ಅರ್ಥ ಹಿಡಿದು ‘ಸೈನಸ್’ ಎಂದರು. ಶಾಲೆಯಲ್ಲಿ ನಾವು ಕಲಿತ ‘ಸೈನ್’ ಹೀಗೆ ಹುಟ್ಟಿತು. ಬಿಲ್ಲಿನ ಹೆದೆಯ ಹೆಸರು ಅಂಗಿಯ ಜೇಬಿನೊಳಗೆ ಬಿದ್ದು, ಅಲ್ಲಿಂದ ಯುರೋಪಿಗೆ ಹೋಗಿ, ಇಂಗ್ಲಿಷಿನ ಪಠ್ಯಪುಸ್ತಕವಾಗಿ ನಮ್ಮ ಮಕ್ಕಳ ಕೈಗೆ ಮರಳಿತು.

ಜೇಬು ಬರುವ ಮೊದಲು ಕನ್ನಡಿಗರು ಹಣವನ್ನು ಎಲ್ಲಿ ಇಡುತ್ತಿದ್ದರು? ಸೆರಗಿನ ಗಂಟಿನಲ್ಲಿ, ಸಂಚಿಯಲ್ಲಿ, ಸೊಂಟದ ಬಟ್ಟೆಯ ‘ಉಡಿ’ಯಲ್ಲಿ. ಆ ಉಡಿ ಇಂದು ವ್ಯವಹಾರದಿಂದ ಹೋಗಿದ್ದರೂ ಶಾಸ್ತ್ರದಲ್ಲಿ ಉಳಿದಿದೆ. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ ನಾವು ಉಡಿ ತುಂಬುತ್ತೇವೆ. ಹಳೆ ಮೈಸೂರಿನವರು ಮಡಿಲು ತುಂಬುತ್ತಾರೆ. ಹೊಸ ವಸ್ತು ಬಂದಾಗ ಹಳೆಯ ಮಾತು ಯಾವಾಗಲೂ ಸಾಯುವುದಿಲ್ಲ. ಕೆಲವೊಮ್ಮೆ ಅಂಗಡಿಯನ್ನು ಬಿಟ್ಟು ದೇವರ ಕೋಣೆಗೆ ಸರಿಯುತ್ತದೆ.

ಈಗ ಕಾಕು ಕೇಳಿದ ಕಾಜಕ್ಕೆ ಬರೋಣ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ಅವರ ಉಡುಪಿನೊಂದಿಗೆ ಪಶ್ಚಿಮ ಕರಾವಳಿಯ ದರ್ಜಿಗಳ ಕೈಗೆ ಹೊಸ ಕೆಲಸ ಬಂತು, ಬಾಯಿಗೆ ಹೊಸ ಮಾತು ಬಂತು. ಗುಂಡಿಗೆ ಅವರು ‘ಬೊತಾವ್’ ಎನ್ನುತ್ತಿದ್ದರು. ಅದು ತಮಿಳಿನಲ್ಲಿ ‘ಪೊತ್ತಾನ್’ ಆಯಿತು, ತೆಲುಗಿನಲ್ಲಿ ‘ಬೊತ್ತಾಂ’ ಆಯಿತು, ದೂರದ ಬಂಗಾಳದಲ್ಲಿ ‘ಬೋತಾಮ್’ ಆಯಿತು. ಚೆನ್ನೈನಲ್ಲಿ ಅಂಗಿಗೆ ಪೊತ್ತಾನ್ ಹಾಕಿಸಿಕೊಂಡವರೂ ಹೈದರಾಬಾದಿನಲ್ಲಿ ಬೊತ್ತಾಂ ಕಿತ್ತುಹೋಯಿತೆಂದು ದೂರಿದವರೂ ತಿಳಿಯದೆಯೇ ಪೋರ್ಚುಗೀಸ್ ಆಡುತ್ತಿರುತ್ತಾರೆ. ನಾವು ಮಾತ್ರ ಇಲ್ಲಿ ಗುಂಡಗಿರುವ ‘ಗುಂಡಿ’ಯನ್ನು ಬಿಟ್ಟುಕೊಡಲಿಲ್ಲ, ಮರಾಠಿಯಲ್ಲಿಯೂ ‘ಗುಂಡಿ’ ಎಂಬ ಮಾತಿದೆ.

ಆದರೆ ಗುಂಡಿ ಕೂರುವ ಸೀಳಿಗೆ ಪೋರ್ಚುಗೀಸರ ಮಾತನ್ನೇ ತೆಗೆದುಕೊಂಡೆವು. ಅವರು ಅದನ್ನು ‘ಕಾಸಾ’ ಎನ್ನುತ್ತಿದ್ದರು. ಅದರ ಅರ್ಥ ಮನೆ. ಗುಂಡಿಯು ಹೋಗಿ ನಿಲ್ಲುವ ಮನೆ. ಕೊಂಕಣಿ, ಮರಾಠಿಗಳ ಮೂಲಕ ಅದು ‘ಕಾಜ’ವಾಗಿ ಒಳನಾಡಿಗೆ ಬಂತು; ಹಿಂದಿಯಲ್ಲಿಯೂ ‘ಕಾಜ್’ ಎಂದೇ ನಿಂತಿತು. ನಾನು ‘ಗುಂಡಿಗಂಡಿ’ ಎಂದು ತೂತನ್ನು ಹೆಸರಿಸಿದ್ದೆ. ಕಾಕುವಿನ ತಾಯಿಯ ಬಾಯಲ್ಲಿದ್ದ ಮಾತು ಮನೆಯನ್ನು ಹೆಸರಿಸಿತ್ತು. ಯಾವುದು ಉತ್ತಮವೆಂದು ಹೇಳಬೇಕಾಗಿಲ್ಲ.

ಪೋರ್ಚುಗೀಸರ ಇನ್ನೆರಡು ಹೊಲಿಗೆಯ ಮಾತುಗಳು ನನ್ನಂಥ ಸರ್ಕಾರಿ ನೌಕರನ ಮೇಜಿನ ಮೇಲೆಯೇ ಇವೆ. ದೆಹಲಿಯ ಕಚೇರಿಯಲ್ಲಿ ಗುಂಡುಸೂಜಿಗೆ ‘ಆಲ್ಪಿನ್’ ಎನ್ನುತ್ತಾರೆ. ನಾನು ಅದನ್ನು ಇಂಗ್ಲಿಷಿನ ಪಿನ್ನು ಎಂದೇ ಬಹುಕಾಲ ನಂಬಿದ್ದೆ. ಅದು ಪೋರ್ಚುಗೀಸರ ‘ಅಲ್ಫಿನೇತೆ’. ಪಟ್ಟಿ, ರಿಬ್ಬನ್ನುಗಳಿಗೆ ಹಿಂದಿಯಲ್ಲಿ ‘ಫೀತಾ’ ಎನ್ನುವುದೂ ಪೋರ್ಚುಗೀಸಿನ ‘ಫೀತಾ’ವೇ. ಕಡತ ಕಟ್ಟುವ ಕೆಂಪು ಪಟ್ಟಿಯಿಂದ ಹುಟ್ಟಿದ ‘ಲಾಲ್‌ಫೀತಾಶಾಹಿ’ ಎಂಬ ಬೈಗುಳ ನಮ್ಮ ವೃತ್ತಿಗೇ ಮೀಸಲು. ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ನಾವು ಇಂದು ಫೈಲಿಗೆ ಹೇಳುವ ‘ಕಡತ’ ಹಿಂದೆ ಬಟ್ಟೆಯೇ ಆಗಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲು ಸೇರಿಸಿ ಬಳಿದು, ಕಪ್ಪಾಗಿಸಿ, ಮಡಿಸಿ, ಬಳಪದಿಂದ ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ. ಆದ್ದರಿಂದ ಬಟ್ಟೆಯ ಚರಿತ್ರೆ ಬರೆಯಲು ಗುಮಾಸ್ತನಿಗೆ ಅಧಿಕಾರವಿಲ್ಲವೆಂದು ಯಾರೂ ಹೇಳುವಂತಿಲ್ಲ.

ಅಳತೆಯ ಮಾತುಗಳಲ್ಲಿ ಈ ಎಲ್ಲ ಪದರಗಳೂ ಒಂದೇ ಟೇಪಿನ ಮೇಲೆ ಕಾಣುತ್ತವೆ. ಅಂಗುಲ, ಗೇಣು, ಮೊಳ, ಮಾರು — ಇವು ಬೆರಳು, ಅಂಗೈ, ಮೊಳಕೈ, ಚಾಚಿದ ತೋಳುಗಳ ಅಳತೆ. ಅಳೆಯುವವನ ದೇಹವೇ ಅಳತೆಗೋಲು. ಅದರ ಮೇಲೆ ಪಾರಸಿಯ ಗಜ ಬಂದು ಕೂತಿತು, ಎರಡು ಮೊಳಕ್ಕೆ ಒಂದು ಗಜವೆಂದು ಹೊಂದಿಕೊಂಡಿತು. ಹದಿನಾರು ಮೊಳದ ಸೀರೆಯೂ ಎಂಟು ಗಜದ ಸೀರೆಯೂ ಒಂದೇ. ಅದರ ಮೇಲೆ ಇಂಚು ಬಂತು. 1956ರ ತೂಕ ಮತ್ತು ಅಳತೆಗಳ ಕಾಯ್ದೆಯಿಂದ ಮೀಟರು ಬಂತು. ಅಂಗಡಿಯಲ್ಲಿ ಬಟ್ಟೆಯ ತುಂಡನ್ನು ಮೀಟರಿನಲ್ಲಿ ಕೊಂಡು, ದರ್ಜಿಯ ಮುಂದೆ ನಿಂತಾಗ ಎದೆ ಮೂವತ್ತಾರು, ತೋಳು ಹತ್ತು ಎಂದು ಇಂಚಿನಲ್ಲಿ ಅಳೆಸಿಕೊಂಡು, ಹಿಂದಿರುಗುವಾಗ ಹೂವನ್ನು ಮೊಳದಲ್ಲಿ ಕೊಂಡು ಮನೆಗೆ ಬರುತ್ತೇವೆ. ಕಾನೂನು ಒಂದನ್ನು ಹೇಳಿದರೂ ಕೈ ಮೂರನ್ನೂ ನೆನಪಿಟ್ಟಿದೆ.

ಕೊನೆಯ ದೊಡ್ಡ ಪದರ ಯಂತ್ರದ್ದು. ಫ್ರಾನ್ಸಿನ ದರ್ಜಿ ತಿಮೊನಿಯೆ 1830ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದಾಗ, ಕೆಲಸ ಹೋಗುತ್ತದೆಂದು ಹೆದರಿದ ಪ್ಯಾರಿಸ್ಸಿನ ದರ್ಜಿಗಳು ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಪುಡಿ ಮಾಡಿದರು. ಅಮೆರಿಕದಲ್ಲಿ ಎಲಿಯಾಸ್ ಹೋ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದ ಮುಖ್ಯ ಗುಟ್ಟು ಸೂಜಿಯ ಕಣ್ಣನ್ನು ಮೊನೆಯ ಹತ್ತಿರಕ್ಕೆ ತಂದದ್ದು. ಮೇಲಿನ ದಾರವನ್ನು ಸೂಜಿ ಬಟ್ಟೆಯ ಕೆಳಗಿಳಿಸುತ್ತದೆ. ಕೆಳಗಿನ ದಾರವನ್ನು ಹೊತ್ತ ಷಟಲ್ ಅದರ ಕುಣಿಕೆಯ ಮೂಲಕ ಹಾದುಹೋಗುತ್ತದೆ. ಎರಡೂ ದಾರ ಬಟ್ಟೆಯ ನಡುವೆ ಕೊಂಡಿ ಹಾಕಿಕೊಳ್ಳುತ್ತವೆ. ಷಟಲ್ ಎಂಬುದು ನೇಕಾರರ ಮಗ್ಗದಿಂದ ಎರವಲು ಪಡೆದ ಹೆಸರು. ಇಳಕಲ್ಲು, ಗುಳೇದಗುಡ್ಡಗಳ ನೇಕಾರರು ಅದನ್ನೇ ‘ಲಾಳಿ’ ಎನ್ನುತ್ತಾರೆ. ಕನ್ನಡದಲ್ಲಿ ಸಿದ್ಧವಾಗಿದ್ದ ಮಾತನ್ನು ಬಿಟ್ಟು ನಾವು ಇಂಗ್ಲಿಷಿನ ಮಾತನ್ನೇ ಹಿಡಿದೆವು, ಏಕೆಂದರೆ ಯಂತ್ರ ತನ್ನ ಬಿಡಿಭಾಗಗಳ ಹೆಸರನ್ನು ಪೆಟ್ಟಿಗೆಯಲ್ಲೇ ತಂದಿತ್ತು.

1851ರಲ್ಲಿ ಪೇಟೆಂಟ್ ಪಡೆದ ಸಿಂಗರನ ಯಂತ್ರ ಅದೇ ಶತಮಾನದಲ್ಲಿ ಭಾರತಕ್ಕೂ ಬಂತು. ಯಂತ್ರಗಳನ್ನು ಶಂಕಿಸುತ್ತಿದ್ದ ಗಾಂಧೀಜಿಯವರೂ 1924ರ ಒಂದು ಸಂವಾದದಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಹೊಲಿಗೆಯಲ್ಲಿ ಬಳಲುವುದನ್ನು ಕಂಡು ಪ್ರೀತಿಯಿಂದ ಸಿಂಗರ್ ಅದನ್ನು ರೂಪಿಸಿದನೆಂಬುದು ಅವರು ಕೊಟ್ಟ ಕಾರಣ. ಸಿಂಗರನ ನಿಜವಾದ ಸಂಸಾರದ ಕಥೆ ಇದಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಆದರೆ ಬಳಲುವ ಹೆಂಗಸರಿದ್ದುದು ಮಾತ್ರ ನಿಜ. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಯಂತ್ರದ ತಯಾರಿಕೆ ಆರಂಭವಾಯಿತು. ಆಮೇಲೆ ಊರೂರಿನ ಮಹಿಳಾ ಸಮಾಜಗಳಲ್ಲಿ ಹೊಲಿಗೆ ತರಗತಿಗಳು ನಡೆದವು. ಬಾಬಿನ್, ಷಟಲ್, ಕಾಲರ್, ಹುಕ್ಕು, ಟಕ್ಸು, ಫಾಲು, ಜಿಗ್‌ಜಾಗು — ಈ ಮಾತುಗಳು ಆ ತರಗತಿಗಳ ಬಾಗಿಲಿನಿಂದ ನಮ್ಮ ಮನೆಗಳಿಗೆ ಬಂದವು. ನನ್ನ ತಾಯಿಯೂ ಅಂಥ ಒಂದು ತರಗತಿಯಲ್ಲಿ ಕಲಿತವಳು. ಓಣಿಯ ಹೆಂಗಸರ ಕುಪ್ಪಸ ಹೊಲಿದು ಬಂದ ಹಣದಲ್ಲಿ ನನ್ನ ಕಾಲೇಜಿನ ಶುಲ್ಕದ ಒಂದು ಪಾಲು ಸಂದಿದೆ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ‘ಬಾಬಿನ್’ ಎಂಬುದು ಅವಳ ಮಾತಾಗಿತ್ತು.

ಇಷ್ಟು ಹೊತ್ತು ಹೇಳಿದ್ದು ಅಂಗಡಿಯ ಮತ್ತು ಯಂತ್ರದ ಸೂಜಿಯ ಮಾತು. ಇವೆರಡರ ಆಚೆ ಮನೆಯ ಸೂಜಿ ಒಂದಿದೆ. ಅದರ ಮಾತುಗಳು ಬೇರೆ. ಧಾರವಾಡ ಸೀಮೆಯ ಕಸೂತಿಯನ್ನೇ ನೋಡಿ. ಅದನ್ನು ‘ಕೈ’ ಮತ್ತು ‘ಸೂತಿ’ ಎಂದು ಜನ ಬಿಡಿಸುತ್ತಾರೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆಯುವುದಿಲ್ಲ. ಎಳೆಗಳನ್ನು ಎಣಿಸುತ್ತ ಹೋಗುವುದೇ ಕ್ರಮ. ದಾರಕ್ಕೆ ಗಂಟು ಹಾಕುವುದಿಲ್ಲ. ಅದರಲ್ಲಿ ನಾಲ್ಕು ಬಗೆಯ ಹೊಲಿಗೆಗಳು: ಗೆರೆಯಾಗಿ ಹೋಗಿ ಅದೇ ಗೆರೆಯಲ್ಲಿ ಹಿಂದಿರುಗುವ ಗವಂತಿ, ಮೆಟ್ಟಿಲಿನಂತೆ ಏರಿಳಿಯುವ ಮುರ್ಗಿ, ನೇಯ್ದಂತೆ ಕಾಣುವ ನೇಗಿ, ಮೆಂತೆಯ ಕಾಳಿನಂತೆ ಅಡ್ಡಡ್ಡ ಬೀಳುವ ಹೆಂತೆ. ಗವಂತಿ, ಮುರ್ಗಿಗಳಲ್ಲಿ ಬಟ್ಟೆಯ ಒಳಮೈಯೂ ಹೊರಮೈಯೂ ಒಂದೇ ಆಗಿರುತ್ತವೆ. ಗೋಪುರ, ತೇರು, ತುಳಸಿಕಟ್ಟೆ, ತೊಟ್ಟಿಲು, ಆನೆ, ನವಿಲು — ಇವು ಅದರ ಚಿತ್ರಗಳು. ಗಂಟಿನಿಂದ ಗವಂತಿ, ನೇಯ್ಗೆಯಿಂದ ನೇಗಿ, ಮೆಂತೆಯಿಂದ ಹೆಂತೆ: ಅಡುಗೆಮನೆ ಮತ್ತು ಮಗ್ಗದಿಂದ ಎತ್ತಿಕೊಂಡ ಹೆಸರುಗಳಿವು.

ಹಾಗೆಯೇ ಕೌದಿ. ಸವೆದ ಸೀರೆ, ಹಳೆಯ ಧೋತರ, ಮಕ್ಕಳ ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹರಡಿ, ತೇಪೆಯ ಮೇಲೆ ತೇಪೆ ಇಟ್ಟು, ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತ ಬರುವ ಹೊದಿಕೆ. ಇದಕ್ಕೆ ಯಂತ್ರ ಬೇಡ, ಗಜದ ಲೆಕ್ಕ ಬೇಡ, ಅಂಗಡಿ ಬೇಡ. ಎಳೆ, ಅಂಚು, ತೇಪೆ, ನೆರಿಗೆ, ಸೆರಗು, ಒಡಲು — ಮನೆಯ ಸೂಜಿಯ ಪದಗಳು ಬಹುಮಟ್ಟಿಗೆ ಕನ್ನಡದವೇ. ಗಂಡಸರ ಸೂಜಿ ಅರಮನೆಗೂ ಪೇಟೆಗೂ ಹೋಗಿ ಹೊಸ ಮಾತು ತಂದಿತು. ಹೆಂಗಸರ ಸೂಜಿ ಹಳೆಯ ಮಾತನ್ನು ಕಾಯ್ದುಕೊಂಡಿತು.

ಹೀಗೆ ಎಲ್ಲವನ್ನೂ ಹರಡಿ ನೋಡಿದಾಗ ನನಗೆ ಕಂಡದ್ದು ಇಷ್ಟು. ವಸ್ತುಗಳ ಹೆಸರುಗಳನ್ನು ಕನ್ನಡ ಉದಾರವಾಗಿ ಹೊರಗಿನಿಂದ ಪಡೆದಿದೆ. ಸಂಸ್ಕೃತ, ಪಾರಸಿ, ಪೋರ್ಚುಗೀಸ್, ಇಂಗ್ಲಿಷ್ ಎಂದು ಭೇದ ಮಾಡಿಲ್ಲ. ಆದರೆ ಆ ವಸ್ತುಗಳಿಂದ ಮಾಡುವ ಕೆಲಸಕ್ಕೆ ತನ್ನ ಮಾತನ್ನೇ ಇಟ್ಟುಕೊಂಡಿದೆ. ಹೊಲಿ, ಅಳೆ, ಮಡಿಸು, ಸುತ್ತು, ಹೆಣೆ, ನೇಯು, ಬಿಚ್ಚು, ಉಡು, ತೊಡು, ಹೊದೆ. ‘ಕತ್ತರಿಸು’, ‘ಜೋಡಿಸು’ಗಳಂಥ ಅಪವಾದಗಳಿವೆ, ಅಲ್ಲಿಯೂ ಕನ್ನಡದ ‘ಇಸು’ ಬಂದು ಕೂತು ಅವನ್ನು ನಮ್ಮದಾಗಿಸಿದೆ. ಕಾಜಕ್ಕೂ ಬಾಬಿನ್ನಿಗೂ ನಾವು ಹೆದರಬೇಕಾಗಿಲ್ಲ. ‘ಬಾಬಿನ್ನಿಗೆ ದಾರ ಸುತ್ತು’ ಎಂಬುದು ಎಲ್ಲ ರೀತಿಯಿಂದಲೂ ಕನ್ನಡ ವಾಕ್ಯ.

ಹೆದರಬೇಕಾದ್ದು ಬೇರೆ ಕಡೆಯಿದೆ. ಅದನ್ನು ನನ್ನ ಮನೆಯಲ್ಲೇ ಕೇಳಿದೆ. ಹಬ್ಬದ ದಿನ ನನ್ನ ಮಗಳು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದಳು: ಅಮ್ಮ ಸೀರೆ ಹಾಕ್ಕೊಂಡಿದ್ದಾಳೆ, ಹೂ ಹಾಕ್ಕೊಂಡಿದ್ದಾಳೆ, ನಾನು ಬಳೆ ಹಾಕ್ಕೊಂಡಿದ್ದೀನಿ, ಅಪ್ಪ ಶಾಲು ಹಾಕ್ಕೊಂಡಿದ್ದಾರೆ. ಉಡು, ಮುಡಿ, ತೊಡು, ಹೊದೆ — ನಾಲ್ಕು ಕ್ರಿಯಾಪದಗಳು ಒಂದೇ ‘ಹಾಕಿಕೋ’ದೊಳಗೆ ಮುಳುಗಿಹೋಗಿದ್ದವು. ವಾಕ್ಯದಲ್ಲಿ ಒಂದೂ ಇಂಗ್ಲಿಷ್ ಶಬ್ದವಿಲ್ಲ. ನನ್ನ ಪಟ್ಟಿಯ ಪ್ರಕಾರ ಅದು ಶುದ್ಧ ಕನ್ನಡ. ಆದರೂ ಹೊಲಿದ ಬಟ್ಟೆಗೂ ಹೊಲಿಯದ ಬಟ್ಟೆಗೂ ಕನ್ನಡ ಎಳೆದಿದ್ದ ಸಾವಿರ ವರ್ಷದ ಗೆರೆ ಅಲ್ಲಿ ಅಳಿಸಿಹೋಗಿತ್ತು. ಊರಿನಲ್ಲಿಯೂ ಈ ‘ಹಾಕಿಕೋ’ ಹರಡುತ್ತಿದೆ; ಹೊರನಾಡಿನಲ್ಲಿ ಅದನ್ನು ತಿದ್ದುವ ಅಜ್ಜಿ ಪಕ್ಕದಲ್ಲಿಲ್ಲ, ಅಷ್ಟೇ ವ್ಯತ್ಯಾಸ. ಇಲ್ಲಿನ ಮರಾಠಿ ತಾಯಂದಿರು ಸೀರೆಗೆ ‘ನೇಸಣೆ’, ಅಂಗಿಗೆ ‘ಘಾಲಣೆ’ ಎಂದು ತಮ್ಮ ಮಕ್ಕಳನ್ನು ಈಗಲೂ ತಿದ್ದುವುದನ್ನು ಕೇಳಿದ್ದೇನೆ. ತೆಲುಗರು ಅಂಗಿ ತೊಡುವುದಕ್ಕೆ ‘ತೊಡುಗು’ ಎನ್ನುತ್ತಾರೆ, ಸೀರೆಗೆ ‘ಕಟ್ಟು’ ಎನ್ನುತ್ತಾರೆ. ನೆರೆಯವರೊಡನೆ ನಾವು ಹಂಚಿಕೊಂಡ ವಿವೇಕವಿದು.

ಆಮೇಲೆ ನಾನು ಪಟ್ಟಿಯನ್ನು ಮತ್ತೆ ಬರೆದೆ. ಪುಟವನ್ನು ಎರಡು ಅಂಕಣ ಮಾಡಿದೆ. ಎಡಗಡೆ ವಸ್ತುಗಳು: ಸೂಜಿ, ದಾರ, ಕತ್ತರಿ, ಟೇಪು, ಅಸ್ತರು, ಕಾಜ, ಗುಂಡಿ, ಬಾಬಿನ್, ಹುಕ್ಕು — ದರ್ಜಿಯ ಅಂಗಡಿಯಲ್ಲಿ ಹೇಗೆ ಕೇಳಿಸುತ್ತದೋ ಹಾಗೆ. ಬಲಗಡೆ ಕೆಲಸಗಳು: ಸೂಜಿಗೆ ದಾರ ಪೋಣಿಸು, ಬಾಬಿನ್ನಿಗೆ ಸುತ್ತು, ತೋಳು ಅಳೆ, ಅಂಚು ಮಡಿಸು, ನೆರಿಗೆ ಹಿಡಿ, ತೇಪೆ ಹಚ್ಚು, ಮುಗಿದ ಮೇಲೆ ಲಂಗ ಉಡು, ರವಿಕೆ ತೊಡು, ಕೌದಿ ಹೊದೆ. ಎಡದ ಅಂಕಣ ಇನ್ನು ಹತ್ತು ವರ್ಷದಲ್ಲಿ ಬದಲಾದರೂ ಬದಲಾಗಲಿ. ಬಲದ ಅಂಕಣವನ್ನು ಮಕ್ಕಳಿಗೆ ದಾಟಿಸುವುದು ನಮ್ಮ ಹೊಣೆ.

ಕಾಕು ಈ ಬಾರಿ ಕನ್ನಡಕ ಏರಿಸಿ ಎರಡು ಸಲ ಓದಿದರು. ಪೆನ್ನು ಕೇಳಿ ಪಡೆದು, ಬಲದ ಅಂಕಣದ ಕೊನೆಯಲ್ಲಿ ತಮ್ಮ ಅಕ್ಷರದಲ್ಲಿ ಒಂದು ಮಾತು ಸೇರಿಸಿದರು: ‘ಬಿಚ್ಚು’. “ಹೊಸದಾಗಿ ಕಲಿಯೋರು ಹೊಲಿಯೂದಕ್ಕಿಂತ ಬಿಚ್ಚೂದ ಜಾಸ್ತಿ, ತಮ್ಮಾ. ಅದನ್ನ ಬಿಟ್ಟರ ಹೆಂಗ?” ಎಂದರು. ಪಟ್ಟಿ ಈಗ ತರಗತಿಯ ಗೋಡೆಯ ಮೇಲಿದೆ.